179 ಆಯುಧಗಳ ಲೆಕ್ಕ

ಅಮೆರಿಕದ ರಾಜಕೀಯ ಪತ್ರಕರ್ತ ಐ.ಎಫ್. ಸ್ಟೋನ್ ಬಗ್ಗೆ ಪತ್ರಿಕೋದ್ಯಮದವರು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಆತ ಗುಪ್ತ ಮೂಲಗಳನ್ನು ನೆಚ್ಚಲಿಲ್ಲ, ಸರ್ಕಾರದ ಸುಳ್ಳನ್ನು ಸರ್ಕಾರದ ಕಾಗದಗಳಲ್ಲೇ ಹಿಡಿದ. ಯಾವ ಕಾಗದ, ಅದರ ಯಾವ ಭಾಗ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಆತನ ವಾರಪತ್ರಿಕೆಯ ಸಂಚಿಕೆಗಳು ಈಗ ಸ್ಕ್ಯಾನ್ ಆಗಿ ಓದಲು ಸಿಗುತ್ತವೆ. ಅವುಗಳಲ್ಲಿ ಆತ ಹೆಸರಿಸಿದ ಎಷ್ಟೋ ದಾಖಲೆಗಳೂ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಲು ಕೂತೆ.

ಸ್ಟೋನ್ ಹುಟ್ಟಿದ್ದು 1907ರಲ್ಲಿ, ಫಿಲಡೆಲ್ಫಿಯಾದಲ್ಲಿ. ಹದಿನಾಲ್ಕನೇ ವಯಸ್ಸಿಗೇ ಸ್ವಂತ ಪತ್ರಿಕೆ ಹೊರಡಿಸಿದವನು. ನ್ಯೂಯಾರ್ಕ್ ಪೋಸ್ಟ್, ದಿ ನೇಷನ್, ಪಿಎಂ ಹೀಗೆ ಹಲವು ಕಡೆ ದುಡಿದ. 1952ರ ನವೆಂಬರಿನಲ್ಲಿ, ಆತ ಆಗ ದುಡಿಯುತ್ತಿದ್ದ ಡೈಲಿ ಕಂಪಾಸ್ ಪತ್ರಿಕೆ ಮುಚ್ಚಿದಾಗ, ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಮೆಕಾರ್ಥಿಯ ಕಾಲ. ಎಡಪಂಥೀಯನೆಂದು ಹೆಸರಾದವನಿಗೆ ಕೆಲಸ ಕೊಡುವವರಿರಲಿಲ್ಲ. 1953ರ ಜನವರಿ 17ರಂದು ನಾಲ್ಕು ಪುಟದ ‘ಐ.ಎಫ್. ಸ್ಟೋನ್ಸ್ ವೀಕ್ಲಿ’ ಶುರುವಾಯಿತು. ವರ್ಷಕ್ಕೆ 5 ಡಾಲರ್ ಚಂದಾ, ಮೊದಲಿಗೆ ಸುಮಾರು 5,300 ಚಂದಾದಾರರು. ಬರವಣಿಗೆ ಗಂಡನದು, ಲೆಕ್ಕಪತ್ರ ಹೆಂಡತಿ ಎಸ್ತರ್ ಅವರದು. 1971ರ ಕೊನೆಯಲ್ಲಿ ನಿಲ್ಲಿಸುವಾಗ ಪ್ರಸಾರ 70 ಸಾವಿರದ ಆಸುಪಾಸಿಗೆ ಬಂದಿತ್ತು.

ಹುಡುಕಾಟಕ್ಕೆ ಆರಿಸಿಕೊಂಡ ಮೊದಲ ಸಂಚಿಕೆ 1965ರ ಮಾರ್ಚ್ 8ರದು. ಅದಕ್ಕೆ ಒಂಬತ್ತು ದಿನ ಮೊದಲು, ಫೆಬ್ರವರಿ 27ರಂದು, ಅಮೆರಿಕದ ವಿದೇಶಾಂಗ ಇಲಾಖೆ ವಿಯೆಟ್ನಾಂ ಕುರಿತು ಶ್ವೇತಪತ್ರ ಹೊರಡಿಸಿತ್ತು. ದಕ್ಷಿಣದ ಬಂಡಾಯ ನಿಜವಾಗಿ ಉತ್ತರದ ಆಕ್ರಮಣ, ಆಯುಧಗಳೆಲ್ಲ ಅಲ್ಲಿಂದಲೇ ಬರುತ್ತಿವೆ ಎಂಬುದು ಅದರ ವಾದ. ಮಾರ್ಚ್ 2ಕ್ಕೆ ಉತ್ತರ ವಿಯೆಟ್ನಾಂ ಮೇಲೆ ನಿರಂತರ ಬಾಂಬ್ ದಾಳಿ ಶುರುವಾಯಿತು. ಸ್ಟೋನ್ ಶ್ವೇತಪತ್ರದ ಮುಖ್ಯ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಹಿಂದಿನ ಅನುಬಂಧಕ್ಕೆ ಹೋದ. ಗೆರಿಲ್ಲಾಗಳಿಂದ ವಶಪಡಿಸಿಕೊಂಡ ಕಮ್ಯುನಿಸ್ಟ್ ದೇಶಗಳ ಆಯುಧಗಳ ಪಟ್ಟಿ ಇದ್ದದ್ದು ಅಲ್ಲಿ.

ನಾನೂ ಆ ಪಟ್ಟಿಯನ್ನು ಕೂಡಿದೆ. ರೈಫಲ್ 72: ಸೋವಿಯತ್ ದೇಶದವು 46, ಜೆಕ್ 26. ಸಬ್‌ಮೆಷಿನ್ ಗನ್ 64: ಅವುಗಳಲ್ಲಿ 24 ಫ್ರಾನ್ಸಿನಲ್ಲಿ ತಯಾರಾಗಿ ಉತ್ತರ ವಿಯೆಟ್ನಾಮಿನಲ್ಲಿ ಮಾರ್ಪಾಡಾದವು, ಅಂದರೆ ಹಳೆಯ ವಸಾಹತು ಯುದ್ಧದ ಪಳೆಯುಳಿಕೆ. ಕಾರ್ಬೈನ್ 15, ಮೆಷಿನ್ ಗನ್ 8, ಪಿಸ್ತೂಲು 5. ಮಾರ್ಟರ್, ಬಝೂಕಾ, ರಾಕೆಟ್ ಲಾಂಚರ್ ಮೊದಲಾದವು ಸೇರಿ ಇನ್ನೊಂದು 15. ಒಟ್ಟು 179. ಸ್ಟೋನ್ ಕೊಟ್ಟ ಮೊತ್ತವೂ ಅದೇ. ಶ್ವೇತಪತ್ರ ಹೇಳದೆ ಬಿಟ್ಟ ಇನ್ನೊಂದು ಅಂಕಿಯನ್ನು ಆತ ಅದರ ಪಕ್ಕದಲ್ಲಿಟ್ಟ: ಒಂದೂವರೆ ವರ್ಷದಲ್ಲಿ ವಶವಾದ ಒಟ್ಟು ಆಯುಧಗಳು ಸುಮಾರು 7,500. ಭಾಗಿಸಿದರೆ ಹೊರಗಿನ ಪಾಲು ಶೇಕಡಾ ಎರಡೂವರೆಯನ್ನೂ ಮುಟ್ಟುವುದಿಲ್ಲ. 1962ರಿಂದ 64ರವರೆಗಿನ ಮೂರು ವರ್ಷಕ್ಕೆ ಆತ ಕೊಟ್ಟ ಅಂಕಿ ಇನ್ನೂ ಮಾತಾಡುತ್ತದೆ: ದಕ್ಷಿಣದ ಸೇನೆ ವಶಪಡಿಸಿಕೊಂಡದ್ದು 15,100 ಆಯುಧ, ಕಳೆದುಕೊಂಡದ್ದು 27,400. ಗೆರಿಲ್ಲಾಗಳಿಗೆ ಬಂದೂಕು ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಉತ್ತರ ಆ ಎರಡು ಸಂಖ್ಯೆಗಳ ನಡುವೆಯೇ ಇತ್ತು.

ಎರಡನೆಯ ಪ್ರಕರಣಕ್ಕೆ ಹಿಂದಕ್ಕೆ ಹೋಗಬೇಕು. 1957ರ ಸೆಪ್ಟೆಂಬರ್ 19ರಂದು ನೆವಾಡಾದಲ್ಲಿ ‘ರೇನಿಯರ್’ ಎಂಬ ಭೂಗತ ಅಣುಪರೀಕ್ಷೆ ನಡೆಯಿತು. ಮರುದಿನದ ನ್ಯೂಯಾರ್ಕ್ ಟೈಮ್ಸ್ ವರದಿಯ ಬಾಲದಲ್ಲಿ ಟೊರಾಂಟೊ, ರೋಮ್, ಟೋಕಿಯೋಗಳಿಂದ ಬಂದ ಸಾಲುಗಳಿದ್ದವು: ಅಲ್ಲೂ ಕಂಪನ ದಾಖಲಾಗಿದೆಯೆಂದು. ಅಲ್ಲಿಗೆಲ್ಲ ತಂತಿ ಕಳಿಸಿ ವಿಚಾರಿಸಲು ಸ್ಟೋನ್ ಕೈಯಲ್ಲಿ ಕಾಸಿರಲಿಲ್ಲ, ಕತ್ತರಿಸಿ ನೆಲಮಾಳಿಗೆಯಲ್ಲಿಟ್ಟ. 1958ರ ಮಾರ್ಚಿನಲ್ಲಿ ಪರಮಾಣು ಶಕ್ತಿ ಆಯೋಗವು ಆ ಸ್ಫೋಟ 200 ಮೈಲಿಯಾಚೆ ಪತ್ತೆಯಾಗಲಿಲ್ಲ ಎಂದಿತು. ಸಣ್ಣ ಮಾತಲ್ಲ ಅದು. ದೂರದಿಂದ ಪತ್ತೆ ಮಾಡಲಾಗದಿದ್ದರೆ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಕಾವಲು ಹಾಕುವುದೂ ಸಾಧ್ಯವಿಲ್ಲ. ಸ್ಟೋನ್ ಹಳೆಯ ತುಣುಕು ಹೊರತೆಗೆದು, ಭೂಕಂಪ ದಾಖಲಿಸುವ ಸರ್ಕಾರಿ ಸರ್ವೇ ಇಲಾಖೆಯ ಬಾಗಿಲು ತಟ್ಟಿದ. ಅಲ್ಲಿನ ತಜ್ಞರು ಕಂಪನ ದಾಖಲಾದ ಕೇಂದ್ರಗಳ ಪಟ್ಟಿಯನ್ನೇ ಕೊಟ್ಟರು. ದೂರದ್ದು ಅಲಾಸ್ಕಾದಲ್ಲಿ, ಎರಡು ಸಾವಿರ ಮೈಲಿಗೂ ಆಚೆ. ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಇತ್ತ ಸರ್ಕಾರವೂ ಸ್ಟೋನ್ ಬಗ್ಗೆ ಕಡತ ಬೆಳೆಸುತ್ತಿತ್ತು. ಎಫ್‌ಬಿಐನ ಆ ಕಡತ 5 ಸಾವಿರ ಪುಟ ದಾಟಿದೆ. ಸಭೆಗಳಲ್ಲಿ ಆತ ಆಡಿದ ಮಾತು ಅದರಲ್ಲಿದೆ. ಮನೆಯ ಕಸದ ಬುಟ್ಟಿಯನ್ನೂ ತಡಕಿದ್ದರು. ಒಂದು ಮೊಕದ್ದಮೆಯೂ ಅದರಿಂದ ಹುಟ್ಟಲಿಲ್ಲ. 1930ರ ದಶಕದಲ್ಲಿ ಸೋವಿಯತ್ ಗುಪ್ತಚರರೊಂದಿಗೆ ಆತನಿಗಿದ್ದ ಸಂಪರ್ಕ ಎಂಥದ್ದು ಎಂಬ ಜಗಳ, ಸೋವಿಯತ್ ಕಡತಗಳಿಂದ ನಕಲಿಸಿದ ಟಿಪ್ಪಣಿಗಳು ಹೊರಬಿದ್ದ ಮೇಲೆ, ಇತಿಹಾಸಕಾರರ ನಡುವೆ ಇನ್ನೂ ನಡೆದಿದೆ.

ತಾಳೆಯಾಗದ ಲೆಕ್ಕವೂ ಇದೆ. 1952ರಲ್ಲಿ ಸ್ಟೋನ್ ಕೊರಿಯಾ ಯುದ್ಧದ ‘ಗುಪ್ತ ಇತಿಹಾಸ’ ಬರೆದ. ವಿಧಾನ ಅದೇ: ಸೇನೆಯ ಪ್ರಕಟಣೆ, ಪತ್ರಿಕಾ ವರದಿಗಳನ್ನು ಒಂದಕ್ಕೊಂದು ಹೊಂದಿಸಿ ಬಿರುಕು ಹುಡುಕುವುದು. ಬಿರುಕುಗಳೇನೋ ಸಿಕ್ಕವು. ಆದರೆ ಯುದ್ಧಕ್ಕೆ ದಕ್ಷಿಣದವರೂ ಅಮೆರಿಕದವರೂ ದಾರಿ ಮಾಡಿಕೊಟ್ಟರೆಂಬ ಆತನ ಶಂಕೆ ನಿಲ್ಲಲಿಲ್ಲ. 1990ರ ದಶಕದಲ್ಲಿ ಹೊರಬಂದ ಮಾಸ್ಕೋದ ದಾಖಲೆಗಳು, 1950ರ ಜೂನ್ 25ರ ದಾಳಿಗೆ ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್ ಸ್ಟಾಲಿನ್ ಒಪ್ಪಿಗೆ ಪಡೆದೇ ಮುನ್ನುಗ್ಗಿದ್ದನ್ನು ತೋರಿಸಿದವು. ಸ್ಟೋನ್ ಓದಿದ್ದು ತೆರೆದ ದೇಶದ ಕಾಗದ. ಉತ್ತರವಿದ್ದದ್ದು ಮುಚ್ಚಿದ ದೇಶದ ಪೆಟ್ಟಿಗೆಯಲ್ಲಿ.

ಮತ್ತೆ ವಿಯೆಟ್ನಾಂ ಶ್ವೇತಪತ್ರಕ್ಕೆ ಬರೋಣ. ಅದರ ಅನುಬಂಧವನ್ನು ವಾಷಿಂಗ್ಟನ್ನಿನ ಉಳಿದ ವರದಿಗಾರರು ಯಾಕೆ ಕೂಡಿ ನೋಡಲಿಲ್ಲ? ಶ್ವೇತಪತ್ರ ಬಹಿರಂಗವಾಗಿಯೇ ಇತ್ತು. ನನಗೆ ಕಾಣುವ ಕಾರಣ ಇದು: ಅಧಿಕಾರಿಗಳು ಕರೆದು ವಿವರಿಸುವವರಿಗೆ ಅನುಬಂಧ ಓದುವ ದರ್ದು ಇರುವುದಿಲ್ಲ. ಸ್ಟೋನ್‌ಗೆ ಕಿವಿ ಮಂದ. ವಿಚಾರಣೆಗಳಲ್ಲಿ ಕೂತರೆ ಮಾತು ಹಿಡಿಯುತ್ತಿರಲಿಲ್ಲ, ಆಮೇಲೆ ನಡಾವಳಿ ತರಿಸಿ ಓದುತ್ತಿದ್ದ. ನ್ಯಾಷನಲ್ ಪ್ರೆಸ್ ಕ್ಲಬ್ಬನ್ನು 1940ರ ದಶಕದ ಆರಂಭದಲ್ಲೇ ಬಿಟ್ಟಿದ್ದ. ಆತನ ಅತಿಥಿಯಾಗಿ ಬಂದ ಕರಿಯ ನ್ಯಾಯವಾದಿ ವಿಲಿಯಂ ಹೇಸ್ಟಿಗೆ ಅಲ್ಲಿ ಊಟ ಬಡಿಸಲು ಒಪ್ಪಿರಲಿಲ್ಲ. ಅಧಿಕಾರದ ಪಡಸಾಲೆಯಲ್ಲಿ ಜಾಗವಿಲ್ಲದವನಿಗೆ ಓದುವುದೊಂದೇ ದಾರಿ ಉಳಿದಿತ್ತು.

ಸ್ಟೋನ್ 1989ರಲ್ಲಿ ತೀರಿಕೊಂಡ. ಹಿರಿಯ ರಾಜಕೀಯ ಪತ್ರಕರ್ತರ ವೃತ್ತಿಯನ್ನು ನಾವು ಸಾಮಾನ್ಯವಾಗಿ ಅಳೆಯುವುದು ಅವರಿಗೆ ಯಾರ್‍ಯಾರು ಗೊತ್ತಿದ್ದರು ಎಂಬುದರಿಂದ. ಈ ಸಂಚಿಕೆಗಳನ್ನು ತಿರುವಿದ ಮೇಲೆ ನನಗೆ ಬೇರೊಂದು ಅಳತೆ ಹೆಚ್ಚು ನೆಚ್ಚಿಕೆಯದೆನಿಸಿದೆ: ಬರೆದದ್ದನ್ನು ಓದುಗ ಐವತ್ತು ವರ್ಷದ ಮೇಲೂ ತಾನೇ ಪರೀಕ್ಷಿಸಬಹುದೇ? ಸ್ಟೋನ್ ವಿಯೆಟ್ನಾಂನಲ್ಲಿ ಸರಿಯಿದ್ದದ್ದೂ ಕೊರಿಯಾದಲ್ಲಿ ತಪ್ಪಿದ್ದೂ ಇವತ್ತು ಗೊತ್ತಾಗುವುದು, ಆತ ತನ್ನ ಲೆಕ್ಕವನ್ನು ಮುಚ್ಚಿಡದೆ ಬಿಟ್ಟದ್ದರಿಂದ.