ತ್ರಾಸ, ಹೈರಾಣ, ಫಜೀತಿ

ಇಂಡಿಯ ಸಂತೆ ಮುಗಿಸಿ ಹೊರಟವರಿಗೆ ಬಸ್ಸು ತಪ್ಪಿತೆಂದರೆ ‘ಫಜೀತಿ ಆತು’. ಬಿಸಿಲಿನಲ್ಲಿ ಮೂರು ತಾಸು ಕಾದರೆ ‘ಹೈರಾಣಾದ್ವಿ’. ಊರು ಮುಟ್ಟಿದ ಮೇಲೆ ಮೊಣಕಾಲು ಹಿಡಿದುಕೊಂಡರೆ ‘ಭಾಳ ತ್ರಾಸ ಐತಿ’. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿ ದಿನದ ಕಷ್ಟವನ್ನೆಲ್ಲ ಈ ಮೂರು ಮಾತಿನಲ್ಲಿ ಹೇಳಿ ಮುಗಿಸಬಲ್ಲರು. ಮೂರೂ ಹೊರಗಿನಿಂದ ಬಂದವು, ಬಂದ ಮೇಲೆ ಅರ್ಥ ಬದಲಿಸಿದವು.

ಸಂಸ್ಕೃತದಲ್ಲಿ ತ್ರಾಸವೆಂದರೆ ಭಯ. ಮರಾಠಿಯಲ್ಲಿ ಅದು ಕಾಟ, ತೊಂದರೆ. ವಿಜಯಪುರದ ಕನ್ನಡದಲ್ಲೂ ಹೆದರಿಕೆ ಹೋಗಿ ತೊಂದರೆ ಉಳಿಯಿತು. ಹೊಟ್ಟೆನೋವಿನಿಂದ ಸಾಲದ ಕಾಟದವರೆಗೆ ಎಲ್ಲವೂ ತ್ರಾಸವೇ. ತೂಕ ಮಾಡುವ ‘ತ್ರಾಸು’ ಬೇರೆ, ಅದು ಪಾರಸಿಯ ತರಾಜೂ.

ಹೈರಾಣ, ಫಜೀತಿಗಳ ಬೇರು ಅರಬ್ಬಿಯಲ್ಲಿದೆ. ‘ಹೈರಾನ್’ ಎಂದರೆ ಬೆರಗಾಗಿ ದಿಕ್ಕು ತೋಚದವನು. ಇಲ್ಲಿ ಅವನ ಬೆರಗು ಕಳೆದು ದಣಿವಷ್ಟೇ ಉಳಿದಿದೆ. ‘ಫಜೀಹತ್’ ಮಾನ ಹೋಗುವ ಸಂಗತಿ. ಈಗಿನ ಫಜೀತಿ ಬರೀ ಇಕ್ಕಟ್ಟು. ಆದರೂ ಬೀಗರು ಬಂದ ಹೊತ್ತಿಗೇ ಜೋಳದ ಹಿಟ್ಟು ತೀರಿದ್ದರೆ ಆಗುವ ಫಜೀತಿಯಲ್ಲಿ ಹಳೆಯ ನಾಚಿಕೆ ಇನ್ನೂ ಇಣುಕುತ್ತದೆ.

ಇಂಥ ಮಾತುಗಳಿಗೆ ಈ ಸೀಮೆಯಲ್ಲಿ ದಾರಿ ಬಹಳ ಕಾಲ ತೆರೆದೇ ಇತ್ತು. 1490ರಿಂದ 1686ರವರೆಗೆ ಆಳಿದ ಆದಿಲಶಾಹಿಗಳ ದರಬಾರಿನಲ್ಲಿ ಪಾರಸಿ ಮೆರೆಯಿತು; ಒಂದನೇ ಇಬ್ರಾಹಿಂ ಲೆಕ್ಕಪತ್ರವನ್ನು ದೇಶಭಾಷೆಗೆ ಹೊರಳಿಸಿದ. ಆಮೇಲೆ ಮೊಗಲರು, ನಿಜಾಮರು, ಪೇಶ್ವೆಗಳು ಬಂದರು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದರೂ 1848ರವರೆಗೆ ಸಾತಾರೆಯ ನಂಟು, 1956ರವರೆಗೆ ಮುಂಬಯಿಯ ಆಡಳಿತ ಮುಂದುವರಿದವು. ಕಚೇರಿಯ ಅರ್ಜಿ, ತಕರಾರುಗಳ ಜೊತೆಗೆ ಮನೆಯ ಗೋಳಿನ ಮಾತೂ ಹೀಗೆ ಬೆರೆಯಿತು.

ದೊಡ್ಡ ಸಂಕಟಕ್ಕೆ ಮಾತ್ರ ಜನ ಈ ಪದಗಳನ್ನು ಬಳಸಲಿಲ್ಲ. 1791-92ರ ಕ್ಷಾಮಕ್ಕೆ ತಲೆಬುರುಡೆಯ ಬರವೆಂದೇ ಹೆಸರಾಯಿತು. 1876-78ರ ಬರದ ಪೆಟ್ಟಿಗೆ, ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಜನಗಣತಿಗಳ ನಡುವೆ ಐದರಲ್ಲೊಂದು ಪಾಲಿಗೂ ಹೆಚ್ಚು ಇಳಿಯಿತು. ಅದನ್ನು ಫಜೀತಿ ಎನ್ನಲಾದೀತೇ? ಅದು ಬರವೇ. ತ್ರಾಸ, ಹೈರಾಣ, ಫಜೀತಿ ಏನಿದ್ದರೂ ದಾಟಿ ಬಂದು, ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳಬಹುದಾದ ಕಷ್ಟಗಳಿಗೆ.

ಅದಕ್ಕೇ ಏನೋ, ತ್ರಾಸ ಮರ್ಯಾದೆಯ ಮಾತೂ ಆಗಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರು, ಒಲೆ ಹೊತ್ತಿಸಲು ಎದ್ದ ಮನೆಯಾಕೆಗೆ ‘ತ್ರಾಸ ತಗೋಬ್ಯಾಡ್ರಿ ಅಕ್ಕಾರ’ ಎನ್ನುತ್ತಾರೆ. ‘ಯಾತರ ತ್ರಾಸರಿ, ಕೂಡ್ರಿ’ ಎನ್ನುತ್ತ ಆಕೆ ರೊಟ್ಟಿ ಬಡಿಯಲು ಕೂರುತ್ತಾಳೆ.