ಬಾಟಲಿಯೊಳಗಿನ ಜರಿಗಿಡ

ಕಳೆದ ಮಳೆಗಾಲದಲ್ಲಿ ಮಕ್ಕಳು ಶಾಲೆಯ ಬಾವಿಯ ಮುರಕಲ್ಲಿನ ಸಂದಿನಿಂದ ಕಿತ್ತು ತಂದ ಜರಿಗಿಡಗಳನ್ನು ನಾವು ಚಟ್ಟಿಗಳಲ್ಲಿ ನೆಟ್ಟು ಅಂಗಳದಲ್ಲಿಟ್ಟೆವು. ಪಾಠಪುಸ್ತಕದಲ್ಲಿ ಫರ್ನ್ ಎಂದು ಬರುವುದು ಇದೇ. ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಕಾದದ್ದೇ ತಡ, ಎಲ್ಲವೂ ಕರಟಿದವು. ದಿನಾ ನೀರು ಹಾಕಿದ್ದೇವಲ್ಲ, ಮತ್ತೇಕೆ ಸತ್ತವು ಎಂದು ಮಕ್ಕಳ ಪ್ರಶ್ನೆ. ಉತ್ತರ ಹುಡುಕುವಾಗ ಸಿಕ್ಕಿದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅವರ ಕಥೆ.

ವಾರ್ಡ್ ಕೂಡ ಹಿತ್ತಿಲಲ್ಲಿ ಕಲ್ಲು ಪೇರಿಸಿ, ಮೇಲಿಂದ ನೀರು ತೊಟ್ಟಿಕ್ಕಿಸಿ ಜರಿಗಿಡ ನೆಟ್ಟಿದ್ದರು. ನೀರಿಗೆ ಕೊರತೆಯಿರಲಿಲ್ಲ, ಕಾರ್ಖಾನೆಗಳ ಹೊಗೆ ಕೊಂದಿತು. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿ ಹುಗಿದು, ಬಾಟಲಿಯಲ್ಲಿಟ್ಟು ಮುಚ್ಚಿದರು. ಹಗಲು ಗಾಜಿಗೆ ಅಂಟಿದ ತೇವ ಪುನಃ ಮಣ್ಣಿಗೇ ಇಳಿಯುತ್ತಿತ್ತು. ಪತಂಗ ಹೊರಬರುವ ಮೊದಲೇ ಒಂದು ಹುಲ್ಲು, ಒಂದು ಜರಿಗಿಡ ಮೊಳೆತವು! ಯಾರೂ ನೆಟ್ಟದ್ದಲ್ಲ. ಬಾಟಲಿಯನ್ನು ಉತ್ತರ ದಿಕ್ಕಿನ ಕಿಟಕಿಯ ಹೊರಗಿಟ್ಟರು. ಬೆಳಕುಂಟು, ಸುಡು ಬಿಸಿಲಿಲ್ಲ. ಹನಿ ನೀರು ಹಾಕದೆ ಸುಮಾರು ನಾಲ್ಕು ವರ್ಷ ಬದುಕಿದ ಗಿಡ, ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳನುಗ್ಗಿದಾಗ ಸತ್ತಿತು.

1833ರಲ್ಲಿ ವಾರ್ಡ್ ಇಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದರು. ತಿಂಗಳುಗಟ್ಟಲೆ ಕಡಲಲ್ಲಿದ್ದೂ ಅವು ಜೀವಂತವಾಗಿ ತಲುಪಿದವು. ಮುಂದೆ ಚೀನಾದ ಚಹಾ ಸಸಿ ಭಾರತಕ್ಕೆ ಬಂದದ್ದು, 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನಮ್ಮ ನೀಲಗಿರಿ ಸೇರಿದ್ದು ಇಂಥ ಪೆಟ್ಟಿಗೆಗಳಲ್ಲೇ. ಚಳಿಜ್ವರದ ಕ್ವಿನೈನ್ ಆ ಮರದ ತೊಗಟೆಯದು.

ಆದರೆ ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ತೆರಿಗೆ ರದ್ದಾದ ಮೇಲೆ ಗಾಜು ಅಗ್ಗವಾಗಿ, ಮನೆಮನೆಗೂ ಪೆಟ್ಟಿಗೆ ಬಂತು. ಜರಿಗಿಡದ ಹುಚ್ಚು ಎಷ್ಟೆಂದರೆ 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್ಲೀ ಅದಕ್ಕೊಂದು ರೋಗದ ಹೆಸರನ್ನೇ ಕೊಟ್ಟರು: ಟೆರಿಡೊಮೇನಿಯಾ. ಕಾಡಿನಿಂದ ಬುಡಸಮೇತ ಕಿತ್ತು ಮಾರುವವರು ಹುಟ್ಟಿಕೊಂಡರು. ಐರ್ಲೆಂಡಿನ ಕಿಲ್ಲಾರ್ನಿ ಜರಿಗಿಡ ಅಳಿವಿನಂಚಿಗೆ ಬಂತು.

ಇದನ್ನು ಓದಿ ನಮಗೆ ನಮ್ಮ ಬಾವಿಯ ಗೋಡೆ ನೆನಪಾಯಿತು. ಪುಣ್ಯಕ್ಕೆ ಮರೆತು ಬಡಗು ಜಗಲಿಯಲ್ಲೇ ಉಳಿದಿದ್ದ ಒಂದು ಚಟ್ಟಿಯ ಗಿಡ ಸತ್ತಿರಲಿಲ್ಲ. ಈ ವರ್ಷ ಅದರ ಬುಡ ಬಿಡಿಸಿ ಮೂರು ಮಾಡಿದೆವು, ಕೊಳೆತ ತರಗೆಲೆ ಬೆರೆಸಿ ಹಲಸಿನ ಮರದಡಿ ಇಟ್ಟೆವು. ಈಗ ಮೂರರಲ್ಲೂ ಸುರುಳಿ ಚಿಗುರು ಬಂದಿದೆ. ಬಾವಿಗೆ ಕೈ ಹಾಕಲಿಲ್ಲ.