ಹತ್ತೊಂಬತ್ತನೇ ನಿಮಿಷದ ಚಪ್ಪಾಳೆ

ಸ್ಟಿಲಿಯಾನ್ ಪೆಟ್ರೊವ್ ಹುಟ್ಟಿದ ಊರನ್ನು ಇವತ್ತಿನ ನಕ್ಷೆಯಲ್ಲಿ ಅದೇ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. 1979ರ ಜುಲೈ 5ರಂದು ಅವನು ಹುಟ್ಟಿದಾಗ ಬಲ್ಗೇರಿಯಾ ದೇಶದ ವಾಯವ್ಯ ಮೂಲೆಯ ಆ ಪಟ್ಟಣದ ಹೆಸರು ಮಿಹಾಯ್ಲೊವ್‌ಗ್ರಾದ್. ಅದು ಒಬ್ಬ ಕಮ್ಯುನಿಸ್ಟ್ ನಾಯಕನ ನೆನಪಿಗೆ ಇಟ್ಟಿದ್ದು. ಅದಕ್ಕೂ ಮೊದಲು ದೊರೆಯ ಹೆಸರಿತ್ತು, ಫರ್ಡಿನಾಂಡ್ ಅಂತ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ 1993ರಲ್ಲಿ ರೋಮನ್ನರ ಕಾಲದ ಹೆಸರನ್ನು ಹೆಕ್ಕಿ ತಂದು ಮೊಂಟಾನಾ ಎಂದು ಕರೆದರು. ಆಳುವವರು ಬದಲಾದ ಹಾಗೆ ಊರಿನ ಬೋರ್ಡೂ ಬದಲಾಯಿತು.

ಈ ಊರಿನ ಹುಡುಗ ಫುಟ್ಬಾಲ್ ಆಡಿ ದೊಡ್ಡವನಾದ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಅವನ ಕಥೆಯ ಜೊತೆ ಒಂದು ದೇಶ ಖಾಲಿಯಾದ ಕಥೆಯೂ ಇದೆ. 1989ರ ಹೊತ್ತಿಗೆ ಬಲ್ಗೇರಿಯಾದ ಜನಸಂಖ್ಯೆ ಸುಮಾರು 90 ಲಕ್ಷ. 2021ರ ಜನಗಣತಿಯಲ್ಲಿ ಅದು ಸುಮಾರು 65 ಲಕ್ಷ. ಹುಟ್ಟುವವರು ಕಡಿಮೆಯಾದರು, ದುಡಿಯುವ ವಯಸ್ಸಿನವರು ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮ ಯೂರೋಪಿಗೆ ಹೋದರು. ಹಾಗೆ ಹೋದವರಲ್ಲಿ ಪೆಟ್ರೊವ್ ಕೂಡ ಒಬ್ಬ.

ಅವನಿಗೆ ಹದಿನೈದು ತುಂಬಿದ ದಿನ ಅಮೆರಿಕದಲ್ಲಿ ವಿಶ್ವಕಪ್ ನಡೆಯುತ್ತಿತ್ತು. 1994ರ ಜುಲೈ 5. ಅವತ್ತು ಬಲ್ಗೇರಿಯಾ ಪೆನಾಲ್ಟಿ ಶೂಟೌಟ್‌ನಲ್ಲಿ ಮೆಕ್ಸಿಕೋವನ್ನು ಸೋಲಿಸಿತು. ಐದು ದಿನ ಬಿಟ್ಟು ಹಿಂದಿನ ಸಲದ ಚಾಂಪಿಯನ್ ಜರ್ಮನಿಯನ್ನೂ 2-1ರಿಂದ ಮನೆಗೆ ಕಳಿಸಿತು. ಅದಕ್ಕೂ ಮೊದಲು ಐದು ವಿಶ್ವಕಪ್‌ಗಳಲ್ಲಿ ಆಡಿ ಒಂದೇ ಒಂದು ಪಂದ್ಯ ಗೆಲ್ಲದಿದ್ದ ದೇಶ ಅದು! ಆ ತಂಡದ ತಾರೆ ಹ್ರಿಸ್ಟೊ ಸ್ಟೊಯಿಚ್ಕೊವ್. ಆ ವಯಸ್ಸಿನ ಬಲ್ಗೇರಿಯನ್ ಹುಡುಗರಿಗೆ ಅವನೇ ದೇವರು. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಆಟದ ಸಂಭ್ರಮ ಹೊಟ್ಟೆ ತುಂಬಿಸಲಿಲ್ಲ. 1996-97ರಲ್ಲಿ ಅಲ್ಲಿನ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದವು. ದುಡ್ಡಿನ ಬೆಲೆ ದಿನದಿನಕ್ಕೆ ಕರಗಿತು. 1997ರ ಜನವರಿಯಲ್ಲಿ ಸಿಟ್ಟಿಗೆದ್ದ ಜನ ರಾಜಧಾನಿ ಸೋಫಿಯಾದಲ್ಲಿ ಸಂಸತ್ತಿಗೇ ನುಗ್ಗಿದರು. ಪೆಟ್ರೊವ್ ಊರಿನ ಕ್ಲಬ್ ಬಿಟ್ಟು ಸೋಫಿಯಾದ ಸಿಎಸ್‌ಕೆಎ ತಂಡ ಸೇರಿದ್ದು ಅದೇ ವರ್ಷ. ಅದು ಸೇನೆಯ ನೆರಳಿನಲ್ಲಿ ಬೆಳೆದ ಹಳೆಯ, ದೊಡ್ಡ ಕ್ಲಬ್. ಅಲ್ಲಿ ಎರಡು ವರ್ಷ ಆಡಿದ. 1999ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ ಸುಮಾರು 20 ಲಕ್ಷ ಪೌಂಡ್ ಕೊಟ್ಟು ಅವನನ್ನು ಗ್ಲಾಸ್ಗೋಗೆ ಕರೆಸಿಕೊಂಡಿತು. ಆಗ ಅವನಿಗೆ ಇಪ್ಪತ್ತು ವರ್ಷ.

ಮೊದಲ ವರ್ಷ ನರಳಾಟವೇ ಆಯಿತು. ಇಂಗ್ಲಿಷ್ ಬರುತ್ತಿರಲಿಲ್ಲ. ಬಂದಿದ್ದರೂ ಗ್ಲಾಸ್ಗೋದವರ ಇಂಗ್ಲಿಷ್ ಅರ್ಥವಾಗುವುದು ಕಷ್ಟ, ಇಂಗ್ಲೆಂಡಿನವರೇ ತಬ್ಬಿಬ್ಬಾಗುತ್ತಾರೆ. ಇವನು ಮಿಡ್‌ಫೀಲ್ಡರ್. ಅಂದರೆ ಮೈದಾನದ ನಡುವೆ ನಿಂತು ಹಿಂದಿನವರಿಗೂ ಮುಂದಿನವರಿಗೂ ಕೊಂಡಿಯಾಗಬೇಕಾದವನು. ಹಿಂದಿನಿಂದ ಯಾರೋ 'ನಿನ್ನ ಬೆನ್ನ ಹಿಂದೆ ಆಳಿದಾನೆ' ಎಂದು ಕೂಗಿದರೆ ಕೇಳಿಸಬೇಕು, ತಾನೂ ಕೂಗಬೇಕು. ಮಾತು ಬಾರದೆ ಆ ಜಾಗದಲ್ಲಿ ಆಡುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ. ಸಾಲದ್ದಕ್ಕೆ ಆಗಿನ ಮ್ಯಾನೇಜರ್ ಜಾನ್ ಬಾರ್ನ್ಸ್ ಕೆಲವು ಪಂದ್ಯಗಳಲ್ಲಿ ಅವನನ್ನು ರಕ್ಷಣೆಯ ಬಲಬದಿಗೆ ಹಾಕಿದರು. ಊರಿನ ನೆನಪು ಬೇರೆ ಕಾಡುತ್ತಿತ್ತು.

ಸೆಲ್ಟಿಕ್ ಹುಟ್ಟಿದ್ದೇ ವಲಸಿಗರಿಗಾಗಿ. ಗ್ಲಾಸ್ಗೋದ ಬಡ ಐರಿಷ್ ಕುಟುಂಬಗಳಿಗೆ ಊಟಕ್ಕೆ ದುಡ್ಡು ಕೂಡಿಸಲು ಬ್ರದರ್ ವಾಲ್‌ಫ್ರಿಡ್ ಎಂಬ ಧಾರ್ಮಿಕ ಸೇವಕರು 1887ರಲ್ಲಿ ಕಟ್ಟಿದ ಕ್ಲಬ್ ಇದು. ನಮ್ಮ ದೇಶದವನೊಬ್ಬನೂ ಇಲ್ಲಿ ಆಡಿದ್ದಾನೆ, ಬಹಳ ಜನಕ್ಕೆ ಗೊತ್ತಿಲ್ಲ. 1936ರಲ್ಲಿ ಕಲ್ಕತ್ತೆಯ ಮೊಹಮ್ಮದ್ ಸಲೀಂ ಬೂಟು ಹಾಕದೆ, ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಸೆಲ್ಟಿಕ್ ಪರ ಆಡಿದ. ಅಲ್ಲಿಯ ಜನ ಬೆರಗಾಗಿ ನೋಡಿದರು. ಆದರೆ ಸಲೀಂ ಮನೆಯ ನೆನಪು ತಾಳಲಾರದೆ ವಾಪಸ್ ಬಂದುಬಿಟ್ಟ.

ಪೆಟ್ರೊವ್ ವಾಪಸ್ ಹೋಗಲಿಲ್ಲ. ಅವನು ಮಾಡಿದ ಕೆಲಸ ನನಗೆ ಅವನ ಎಲ್ಲ ಕಪ್‌ಗಳಿಗಿಂತ ಇಷ್ಟ. ಗೆಳೆಯನೊಬ್ಬ ಬರ್ಗರ್ ಮಾರುವ ವ್ಯಾನ್ ಇಟ್ಟಿದ್ದ. ಲಕ್ಷಾಂತರ ಪೌಂಡ್ ಬೆಲೆಯ ಆಟಗಾರ ಹೋಗಿ ಆ ವ್ಯಾನಿನಲ್ಲಿ ಗಿರಾಕಿಗಳಿಗೆ ಬರ್ಗರ್ ಕೊಡುತ್ತ ನಿಂತ! ಬಂದವರು ಕೇಳಿದ್ದನ್ನು ಅರ್ಥ ಮಾಡಿಕೊಂಡು ಕೊಡಬೇಕಿತ್ತಲ್ಲ, ಭಾಷೆ ಹಾಗೆ ಬಂತು, ಅದೂ ಗ್ಲಾಸ್ಗೋದ ಬೀದಿಯ ಧಾಟಿಯಲ್ಲೇ. ಜನ ಅವನನ್ನು 'ಸ್ಟ್ಯಾನ್' ಎಂದು ಕರೆಯತೊಡಗಿದರು.

2000ದಲ್ಲಿ ಮಾರ್ಟಿನ್ ಓನೀಲ್ ಮ್ಯಾನೇಜರ್ ಆಗಿ ಬಂದರು, ಅವನನ್ನು ನಡುಮೈದಾನಕ್ಕೆ ತಂದರು. ಪಕ್ಕದಲ್ಲಿ ನೀಲ್ ಲೆನ್ನನ್ ಮತ್ತು ಪಾಲ್ ಲ್ಯಾಂಬರ್ಟ್ ಹಿಂದೆ ಕಾಯುತ್ತಿದ್ದರು, ಇವನು ಮುಂದೆ ನುಗ್ಗುತ್ತಿದ್ದ. ಆ ಋತುವಿನಲ್ಲಿ ಸೆಲ್ಟಿಕ್ ಲೀಗ್, ಸ್ಕಾಟಿಷ್ ಕಪ್, ಲೀಗ್ ಕಪ್ ಮೂರನ್ನೂ ಗೆದ್ದಿತು. ಕೊನೆಯ ಹಂತದಲ್ಲಿ ಮಾತ್ರ ಅವನು ಮೈದಾನದಲ್ಲಿರಲಿಲ್ಲ. 2001ರ ಮಾರ್ಚ್‌ನಲ್ಲಿ ಕಾಲು ಮುರಿದಿತ್ತು. ಗುಣವಾಗಿ ಬಂದ. 2003ರಲ್ಲಿ ಯುಇಎಫ್‌ಎ ಕಪ್ ಫೈನಲ್‌ಗೆ ಸ್ಪೇನಿನ ಸೆವಿಯಾಗೆ ಹೋದರು. ಎದುರಾಳಿ ಪೋರ್ಚುಗಲ್ಲಿನ ಪೋರ್ಟೊ. ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋತರು. ಒಟ್ಟು ಏಳು ವರ್ಷ, ಮುನ್ನೂರಕ್ಕೂ ಹೆಚ್ಚು ಪಂದ್ಯ, ನಾಲ್ಕು ಲೀಗ್ ಪ್ರಶಸ್ತಿ.

ದೇಶದ ಪರ ಆಡಿದ್ದು ಬೇರೆಯೇ ಕಥೆ. ನೂರಕ್ಕೂ ಹೆಚ್ಚು ಪಂದ್ಯ ಆಡಿ ಬಲ್ಗೇರಿಯಾದ ದಾಖಲೆ ಬರೆದ. ಆದರೆ ದೊಡ್ಡ ಟೂರ್ನಿ ಸಿಕ್ಕಿದ್ದು ಒಂದೇ, 2004ರ ಯೂರೋ ಕಪ್. ಅಲ್ಲಿ ಮೂರಕ್ಕೆ ಮೂರೂ ಸೋಲು. ಸ್ವೀಡನ್ ಐದು ಗೋಲು ಹೊಡೆಯಿತು, ಡೆನ್ಮಾರ್ಕ್ ವಿರುದ್ಧ ಪೆಟ್ರೊವ್‌ಗೇ ಕೆಂಪು ಕಾರ್ಡ್ ಸಿಕ್ಕಿತು. ಆಮೇಲೆ ಆ ದೇಶ ವಿಶ್ವಕಪ್ಪಿಗಾಗಲಿ ಯೂರೋ ಕಪ್ಪಿಗಾಗಲಿ ಮತ್ತೆ ಕಾಲಿಟ್ಟಿಲ್ಲ. ಅಷ್ಟರಲ್ಲಿ ಸ್ಟೊಯಿಚ್ಕೊವ್ ತರಬೇತುದಾರನಾಗಿದ್ದ. ಹುಡುಗರ ದೇವರು ಹತ್ತಿರ ಬಂದಾಗ ಇಬ್ಬರಿಗೂ ಹೊಂದಲಿಲ್ಲ. 2006ರಲ್ಲಿ ಜಗಳ ಹತ್ತಿ ಪೆಟ್ರೊವ್ ದೇಶದ ತಂಡವನ್ನೇ ಬಿಟ್ಟ, ಮುಂದಿನ ವರ್ಷ ಮರಳಿದ.

ಅದೇ 2006ರಲ್ಲಿ 65 ಲಕ್ಷ ಪೌಂಡಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಲ್ಲಾ ಸೇರಿದ. ಅಲ್ಲಿ ಮ್ಯಾನೇಜರ್ ಮತ್ತೆ ಓನೀಲ್. ಅಂಗಿಯ ಮೇಲೆ 19ನೇ ಸಂಖ್ಯೆ. ಮೊದಲು ಮಂಕಾದ, ಆಮೇಲೆ ಕುದುರಿಕೊಂಡ. 2008ರಲ್ಲಿ ಡರ್ಬಿ ತಂಡದ ಮೇಲೆ ನಡುಗೆರೆಯ ಹತ್ತಿರದಿಂದಲೇ ಚೆಂಡನ್ನು ಗೋಲಿಗೆ ಹಾರಿಸಿದ್ದನ್ನು ಇವತ್ತಿಗೂ ಯೂಟ್ಯೂಬ್‌ನಲ್ಲಿ ನೋಡಬಹುದು. 2009ರಲ್ಲಿ ನಾಯಕನಾದ.

2012ರ ಮಾರ್ಚ್ 24ರಂದು ಆರ್ಸೆನಲ್ ವಿರುದ್ಧ ಪೂರ್ತಿ ಪಂದ್ಯ ಆಡಿದ. ಅದಾದ ಮೇಲೆ ಜ್ವರ ಬಂತು. ಮೂವತ್ತೆರಡು ವರ್ಷದ ಗಟ್ಟಿಮುಟ್ಟು ಆಳು, ಬರೀ ಜ್ವರ ಅಂದುಕೊಳ್ಳುವುದು ಸಹಜ. ರಕ್ತ ಪರೀಕ್ಷೆ ಬೇರೆಯದನ್ನೇ ಹೇಳಿತು. ಮಾರ್ಚ್ 30ರಂದು ಕ್ಲಬ್ ಪ್ರಕಟಿಸಿತು: ಅಕ್ಯೂಟ್ ಲುಕೇಮಿಯಾ, ರಕ್ತದ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಲೆಕ್ಕ ತಪ್ಪಿ ಹೆಚ್ಚುತ್ತ ಒಳ್ಳೆಯ ರಕ್ತಕ್ಕೆ ಜಾಗವೇ ಇಲ್ಲದಂತೆ ಮಾಡುವ ರೋಗ. ವಾರಗಳಲ್ಲೇ ಏರುತ್ತದೆ. ಬಿಡದ ಜ್ವರ, ಕಾರಣವಿಲ್ಲದ ಸುಸ್ತು, ತಾನೇ ಮೂಡುವ ನೀಲಿ ಕಲೆ, ವಸಡಿನಲ್ಲಿ ರಕ್ತ, ಇವು ಅದರ ಗುರುತುಗಳು. ಇವು ಬೇರೆ ಕಾಯಿಲೆಯಲ್ಲೂ ಕಾಣಿಸಬಹುದು. ರಕ್ತಕಣಗಳ ಎಣಿಕೆಯ ಸಾದಾ ಪರೀಕ್ಷೆಯಲ್ಲಿ ಮೊದಲ ಸುಳಿವು ಸಿಗುತ್ತದೆ.

ಮರುದಿನವೇ ವಿಲ್ಲಾ ಮೈದಾನದಲ್ಲಿ ಚೆಲ್ಸಿ ವಿರುದ್ಧ ಪಂದ್ಯ. ಗಡಿಯಾರ ಹತ್ತೊಂಬತ್ತನೇ ನಿಮಿಷಕ್ಕೆ ಬಂದಾಗ ಜನ ಎದ್ದು ನಿಂತರು. ಒಂದು ನಿಮಿಷ ಪೂರ್ತಿ ಚಪ್ಪಾಳೆ. ಎದುರಾಳಿ ಬೆಂಬಲಿಗರೂ ಸೇರಿಕೊಂಡರು. ಅವತ್ತಿಗೆ ಮುಗಿಯಲಿಲ್ಲ, ಮುಂದಿನ ಪಂದ್ಯಗಳಲ್ಲೂ ಹತ್ತೊಂಬತ್ತನೇ ನಿಮಿಷಕ್ಕೆ ಅದೇ ಚಪ್ಪಾಳೆ. ತಂಡ ಸೋಲುತ್ತಿದ್ದರೂ ಎದ್ದರು. ಕೀಮೋ ಚಿಕಿತ್ಸೆ ಸಾಗಿತ್ತು. ಆಗಸ್ಟ್‌ನಲ್ಲಿ ರೋಗ ಹಿಡಿತಕ್ಕೆ ಬಂದಿದೆ ಎಂಬ ಸುದ್ದಿ ಬಂತು. 2013ರ ಮೇ ತಿಂಗಳಲ್ಲಿ ಅವನು ನಿವೃತ್ತಿ ಹೇಳಿದ. ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಪಾರ್ಕ್‌ನಲ್ಲಿ ಅವನ ಹೆಸರಿನ ಸಹಾಯಾರ್ಥ ಪಂದ್ಯ ನಡೆದಾಗ, ಭಾಷೆ ಬಾರದೆ ಒದ್ದಾಡಿದ ಊರಿನಲ್ಲೇ ಕ್ರೀಡಾಂಗಣ ತುಂಬಿತ್ತು. ರಕ್ತದ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಪ್ರತಿಷ್ಠಾನವನ್ನೂ ಕಟ್ಟಿದ.

ಕಾಲು ಸುಮ್ಮನಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ವೈಚಾಲ್ ವಾಂಡರರ್ಸ್ ಅಂತ ಒಂದು ಹವ್ಯಾಸಿ ತಂಡವಿದೆ. ಅದರ 35 ದಾಟಿದವರ ಗುಂಪಿಗೆ ಸೇರಿ ಭಾನುವಾರಗಳಂದು ಆಡಿದ. 2016ರಲ್ಲಿ, ಮೂವತ್ತೇಳನೇ ವಯಸ್ಸಿನಲ್ಲಿ, ಆಸ್ಟನ್ ವಿಲ್ಲಾ ಜೊತೆ ಮತ್ತೆ ಅಭ್ಯಾಸಕ್ಕಿಳಿದ. ಋತು ಶುರುವಾಗುವ ಮುಂಚಿನ ಪಂದ್ಯಗಳಿಗೆ ಕ್ಲಬ್ಬಿನ ಅಂಗಿಯನ್ನೂ ತೊಟ್ಟ. ಕ್ಲಬ್ ಒಪ್ಪಂದ ಕೊಡಲಿಲ್ಲ.